ಜ್ವರ ಬರಿಸುವ ಸೂಜಿ

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆಯಲ್ಲಿ ಲಸಿಕೆಯ ಸರದಿ ಬಂದ ಯಾವ ಹಳ್ಳಿಯ ಅಂಗನವಾಡಿಗೆ ಹೋದರೂ ಮೇಜಿನ ಮೇಲೆ ದಪ್ಪ ಗೋಡೆಯ ಪ್ಲಾಸ್ಟಿಕ್ ಡಬ್ಬಿಯೊಂದು ಕೂತಿರುತ್ತದೆ. ಗುರುವಾರ ಲಸಿಕೆಯ ದಿನ. ಡಬ್ಬಿಯ ನಾಲ್ಕು ಬದಿಗೆ ನಾಲ್ಕು ಐಸ್ ಪ್ಯಾಕು, ನಡುವೆ ಹೆಬ್ಬೆರಳು ಗಾತ್ರದ ಗಾಜಿನ ಸೀಸೆಗಳು. ಸಿಸ್ಟರ್ ಒಂದು ಸೀಸೆ ತೆಗೆದು ಮೆಲ್ಲಗೆ ಅಲ್ಲಾಡಿಸುತ್ತಾರೆ. ತಳಕ್ಕೆ ಕೂತಿದ್ದ ಬಿಳಿ ಗಸಿ ಮೇಲೆದ್ದು ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅರ್ಧ ಎಂಎಲ್ ಸಿರಿಂಜಿಗೆ ಏರುವ ಹೊತ್ತಿಗೆ ಬಾಗಿಲ ಬಳಿ ಮಾತು ಶುರುವಾಗಿರುತ್ತದೆ.

"ಮೂರು ಸೂಜಿ ಆಗ್ಯಾವಲ್ರೀ ಅಕ್ಕೋರ, ಮತ್ಯಾಕ ಇನ್ನೊಂದು?"

"ಇದು ಬೂಸ್ಟರ್ ಅದವ್ವಾ. ತಪ್ಪಿಸಬ್ಯಾಡ."

"ಇದು ಹಾಕಿದ್ರ ರಾತ್ರಿಯೆಲ್ಲ ಜರ ಬರ್ತಾವ್ರೀ. ನಾಳಿ ಕೆಲಸಕ್ಕ ಹ್ಯಾಂಗ ಹೋಗ್ಲಿ?"

ಆಶಾ ಕಾರ್ಯಕರ್ತೆಗೆ ಈ ಎರಡು ಪ್ರಶ್ನೆ ಹೊಸತಲ್ಲ. ಮೂರು ಆದಮೇಲೆ ನಾಲ್ಕನೆಯದು ಯಾಕೆ? ಹಾಕಿದರೆ ಜ್ವರ ಯಾಕೆ? ಇವು ರೋಗನಿರೋಧ ವಿಜ್ಞಾನದ ಪ್ರಯೋಗಾಲಯಗಳು ಮೂವತ್ತು ವರ್ಷದಿಂದ ಹಿಂದೆ ಬಿದ್ದಿರುವ ಪ್ರಶ್ನೆಗಳೂ ಹೌದು. ಮೇಲಾಗಿ, ಎರಡಕ್ಕೂ ಉತ್ತರ ಬಹುಮಟ್ಟಿಗೆ ಒಂದೇ ಕಡೆ ಇದೆ.

ಸೀಸೆಯ ಮೇಲಿನ ಹೆಸರು ಡಿಪಿಟಿ. ಡಿ ಅಂದರೆ ಗಂಟಲುಮಾರಿ, ಟಿ ಅಂದರೆ ಧನುರ್ವಾಯು, ನಡುವಿನ ಪಿ ಅಂದರೆ ನಾಯಿಕೆಮ್ಮು. ಸರ್ಕಾರಿ ವೇಳಾಪಟ್ಟಿಯಂತೆ ಕೂಸಿಗೆ 6, 10, 14 ವಾರಕ್ಕೆ ಮೂರು ಸಲ ಪೆಂಟಾವೇಲೆಂಟ್ ಲಸಿಕೆ. ಡಿಪಿಟಿಯ ಮೂರೂ ಅದರೊಳಗೇ ಸೇರಿವೆ. ಆಮೇಲೆ 16ರಿಂದ 24 ತಿಂಗಳ ನಡುವೆ ಮೊದಲ ಬೂಸ್ಟರ್, ತೊಡೆಗೆ. 5ರಿಂದ 6 ವರ್ಷದ ನಡುವೆ ಎರಡನೆಯದು, ರಟ್ಟೆಗೆ. ಜ್ವರದ ದೂರು ಬರುವುದು ನಡುವಿನ ಪಿ ಮೇಲೆ. ಉಳಿದೆರಡು ಅಕ್ಷರ ಹೆಚ್ಚು ಗದ್ದಲ ಮಾಡುವುದಿಲ್ಲ.

ನಾಯಿಕೆಮ್ಮನ್ನು ಕಣ್ಣಾರೆ ಕಂಡ ತಲೆಮಾರು ಈಗ ಅಜ್ಜಿಯರದ್ದು. 1987ರಲ್ಲೂ ದೇಶದಲ್ಲಿ ವರದಿಯಾದ ಪ್ರಕರಣಗಳೇ ಸುಮಾರು 1.63 ಲಕ್ಷ ಇದ್ದವು. ವರದಿಯಾಗದವು ಎಷ್ಟೋ. ಕೆಮ್ಮು ಒಂದರ ಹಿಂದೆ ಒಂದು, ಉಸಿರೆಳೆಯಲು ಬಿಡದೆ ಹತ್ತು ಹದಿನೈದು ಸಲ ಬರುತ್ತದೆ. ಮುಖ ಕೆಂಪಾಗಿ, ಕಣ್ಣು ಮೇಲೆದ್ದು, ಕೊನೆಗೆ ಬಿಗಿದ ಗಂಟಲೊಳಗಿಂದ ಗಾಳಿ ನುಗ್ಗುವಾಗ ಊಳಿಟ್ಟಂಥ ಸದ್ದು. ಅದರ ಬೆನ್ನಿಗೆ ವಾಂತಿ. ಚೀನಾ, ಜಪಾನಿನ ಭಾಷೆಗಳಲ್ಲಿ ಇದಕ್ಕೆ ನೂರು ದಿನದ ಕೆಮ್ಮು ಅಂತಲೇ ಹೆಸರು. ಆರು ತಿಂಗಳೊಳಗಿನ ಕೂಸುಗಳಲ್ಲಿ ಆ ಸದ್ದೂ ಇಲ್ಲದಿರಬಹುದು. ಕೆಮ್ಮುವಷ್ಟು ಬಲವೂ ಇರದ ಕೂಸು ಉಸಿರು ನಿಲ್ಲಿಸಿ ನೀಲಿಗಟ್ಟುತ್ತದೆ. ಸಾವು ಹೆಚ್ಚಾಗಿ ಆಗುವುದು ಈ ವಯಸ್ಸಿನಲ್ಲೇ. ಕತ್ತೆ ಹೊಡೆದುಕೊಂಡು ಓಣಿ ಓಣಿ ತಿರುಗಿ, ಅಲ್ಲೇ ಹಿಂಡಿ ಒಂದು ಒಳಲೆ ಹಾಲು ಮಾರುವವರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಸಿಗುತ್ತಾರೆ. ಕೂಸಿನ ಕೆಮ್ಮಿಗೆ ಕತ್ತೆ ಹಾಲು ಅನ್ನುವ ನಂಬಿಕೆಯ ಹಿಂದೆ ಎಷ್ಟು ಮನೆಗಳ ಭಯ ಇದ್ದೀತು!

ಈ ಕಾಯಿಲೆಯ ಬ್ಯಾಕ್ಟೀರಿಯವನ್ನು 1906ರಲ್ಲಿ ಬ್ರಸೆಲ್ಸ್‌ನ ಜೂಲ್ಸ್ ಬೋರ್ಡೆ ಮತ್ತು ಒಕ್ತಾವ್ ಜೆಂಗು ಬೇರ್ಪಡಿಸಿದರು. ಬೆಳೆಸಿದ್ದು ಆಲೂಗಡ್ಡೆ, ಗ್ಲಿಸರಿನ್, ರಕ್ತ ಬೆರೆಸಿದ ತಟ್ಟೆಯಲ್ಲಿ. ಬೋರ್ಡೆಟೆಲ್ಲಾ ಪರ್ಟುಸಿಸ್ ಅನ್ನುವ ಈ ಜೀವಿ ರಕ್ತಕ್ಕೆ ಇಳಿಯುವುದಿಲ್ಲ. ಶ್ವಾಸನಾಳದ ಒಳಗೋಡೆಯಲ್ಲಿ ಕಸ ಗುಡಿಸುವ ರೋಮಗಳಿವೆಯಲ್ಲ, ಅಲ್ಲಿಗೆ ಅಂಟಿಕೊಂಡು ಅಲ್ಲಿಂದಲೇ ವಿಷ ಬಿಡುತ್ತದೆ. ಒಂದು ವಿಷ ಆ ರೋಮದ ಕೋಶಗಳನ್ನು ಕೊಲ್ಲುತ್ತದೆ. ಪರ್ಟುಸಿಸ್ ಟಾಕ್ಸಿನ್ ಅನ್ನುವ ಇನ್ನೊಂದು, ರಕ್ತದಲ್ಲಿರುವ ಬಿಳಿ ಕಣಗಳು ದುಗ್ಧಗ್ರಂಥಿಗಳಿಗೆ ಹೋಗದಂತೆ ತಡೆಯುತ್ತದೆ. ಪೊಲೀಸರನ್ನು ಠಾಣೆಗೆ ಸೇರಿಸದೆ ರಸ್ತೆಯಲ್ಲೇ ತಿರುಗಿಸಿದ ಹಾಗೆ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಲೆಕ್ಕ ವಿಪರೀತ ಏರಿರುತ್ತದೆ, ಕೆಲಸಕ್ಕೆ ಮಾತ್ರ ಯಾರೂ ಇಲ್ಲ.

ಲಸಿಕೆಯ ಚರಿತ್ರೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರು ದೊಡ್ಡದು. 1930ರ ದಶಕದಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ, ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಪ್ರಯೋಗಾಲಯದ ಕೆಲಸ ಮುಗಿಸಿ ಸಂಜೆ ಕೆಮ್ಮುವ ಮಕ್ಕಳ ಮನೆ ಹುಡುಕಿ ಹೊರಡುತ್ತಿದ್ದರು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಗುವಿನ ಬಾಯ ಮುಂದೆ ಗಾಜಿನ ತಟ್ಟೆ ಹಿಡಿದು ಕೆಮ್ಮಿಸುವುದು, ಆ ತಟ್ಟೆಯಲ್ಲಿ ಏನು ಬೆಳೆಯುತ್ತದೆಂದು ನೋಡುವುದು. ಹಾಗೆ ಸಿಕ್ಕ ಬ್ಯಾಕ್ಟೀರಿಯಗಳನ್ನು ಬೆಳೆಸಿ, ಕೊಂದು, ಇಡಿಯಾಗಿ ಲಸಿಕೆಯಾಗಿಸಿದರು. ಮನೆ ಮನೆ ಬಾಗಿಲು ತಟ್ಟಿ, ಬಡವರ ಮಕ್ಕಳ ಹೆಸರು ಪಟ್ಟಿ ಬರೆದುಕೊಂಡ ಆ ಕೆಲಸ ಆಳಂದದ ಯಾವ ಆಶಾ ಕಾರ್ಯಕರ್ತೆಗೂ ಅಪರಿಚಿತ ಅನ್ನಿಸದು. ಇಂದು ಅಂಗನವಾಡಿಯ ಸೀಸೆಯಲ್ಲಿರುವ ಪಿ ಅದೇ ಮನೆತನದ್ದು: ಸತ್ತ ಬ್ಯಾಕ್ಟೀರಿಯ, ಇಡಿಯಾಗಿ.

ಈಗ ಮೊದಲ ಪ್ರಶ್ನೆ. ಮೂರು ಆದಮೇಲೆ ಇನ್ನೊಂದು ಯಾಕೆ?

ಬೂಸ್ಟರ್ ಅಂದರೆ ಖಾಲಿಯಾದ ಕೊಡಕ್ಕೆ ಮತ್ತೆ ನೀರು ತುಂಬಿದಂತೆ ಎಂದು ಹೇಳುವುದುಂಟು. ಅರ್ಧ ನಿಜ. ತೊಗರಿಯ ನಾಡಿನಲ್ಲಿ ಇದನ್ನು ಬೀಜದ ಲೆಕ್ಕದಲ್ಲಿ ಹೇಳುವುದು ಹೆಚ್ಚು ಸರಿ. ರಾಶಿ ಮುಗಿದ ಮೇಲೆ ರೈತ ಎಲ್ಲ ಕಾಳನ್ನೂ ಬಜಾರಿಗೆ ಒಯ್ಯುವುದಿಲ್ಲ. ಗಟ್ಟಿ ಕಾಳು ಆರಿಸಿ ಮುಂದಿನ ಬಿತ್ತನೆಗೆ ತೆಗೆದಿಡುತ್ತಾನೆ. ಕೂಸಿನ ದುಗ್ಧಗ್ರಂಥಿಯಲ್ಲಿ ನಡೆಯುವುದೂ ಅದೇ. ಮೊದಲ ಮೂರು ಸೂಜಿಗೆ ಹಲವು ಬಗೆಯ ಬಿ ಕೋಶಗಳು ಎಚ್ಚರಗೊಂಡು ಪ್ರತಿಕಾಯ ತಯಾರಿಸುತ್ತವೆ. ಆರಂಭದ ಪ್ರತಿಕಾಯಗಳ ಹಿಡಿತ ಸಡಿಲ. ಸೂಜಿ ಮುಗಿದ ಮೇಲೂ ಗ್ರಂಥಿಯೊಳಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಆಯ್ಕೆ ನಡೆಯುತ್ತದೆ. ಬಿ ಕೋಶಗಳು ಒಡೆದು ಎರಡಾಗುವಾಗ ತಮ್ಮ ಪ್ರತಿಕಾಯದ ಆಕಾರವನ್ನು ಚೂರುಚೂರು ಬದಲಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯದ ತುಣುಕಿಗೆ ಬಿಗಿಯಾಗಿ ಅಂಟುವವು ಉಳಿಯುತ್ತವೆ, ಜಳ್ಳು ಸಾಯುತ್ತದೆ. ಉಳಿದ ಗಟ್ಟಿ ಕೋಶಗಳು ನೆನಪಿನ ಕೋಶಗಳಾಗಿ ಸುಮ್ಮನೆ ಕೂರುತ್ತವೆ.

ಆ ಬೀಜವನ್ನು ಬಿತ್ತುವುದೇ ಬೂಸ್ಟರ್. ಹಾಗಾಗಿ ಅದನ್ನು ಅವಸರದಲ್ಲಿ ಕೊಡುವಂತಿಲ್ಲ. ಮೂರನೆಯ ಸೂಜಿಗೂ ಬೂಸ್ಟರಿಗೂ ಕನಿಷ್ಠ ಆರು ತಿಂಗಳ ಅಂತರ ಇರಬೇಕು ಅನ್ನುವ ನಿಯಮದ ಹಿಂದೆ ಈ ಆಯ್ಕೆಯ ಕಾಲ ಇದೆ. 6, 10, 14 ವಾರದ ಸೂಜಿಗಳಿಗೆ ಆ ಪುರುಸೊತ್ತಿಲ್ಲ. ಅವು ಎಳೆಯ ಕೂಸಿನ ಜೀವ ಉಳಿಸಲು ಅವಸರದಲ್ಲಿ ಕೊಟ್ಟವು. ತಾಯಿಯಿಂದ ಬಂದ ಪ್ರತಿಕಾಯಗಳು ಇನ್ನೂ ರಕ್ತದಲ್ಲಿದ್ದು ಕೂಸಿನ ಸ್ವಂತ ಕಲಿಕೆಗೆ ಒಂದಿಷ್ಟು ಅಡ್ಡ ಬರುತ್ತಿರುತ್ತವೆ. ಒಂದೂವರೆ ವರ್ಷಕ್ಕೆ ಆ ಅಡ್ಡಿ ಇಲ್ಲ. ಬೂಸ್ಟರ್ ಬಿದ್ದ ವಾರದೊಳಗೆ ನೆನಪಿನ ಕೋಶಗಳು ಎದ್ದು, ಪ್ರತಿಕಾಯದ ಮಟ್ಟ ಹಲವು ಪಟ್ಟು ಏರುತ್ತದೆ. ಅದರ ಜಾತಿಯೂ ಬೇರೆ, ಹಿಡಿತವೂ ಬಿಗಿ. ಮೊದಲ ವರ್ಷ ಆ ಮಟ್ಟ ಸರಸರ ಇಳಿದು, ಆಮೇಲೆ ನಿಧಾನವಾಗುತ್ತದೆ. ಶಾಲೆಗೆ ಸೇರುವ ಹೊತ್ತಿಗೆ ಮತ್ತೆ ತಗ್ಗಿರುವುದರಿಂದ ಎರಡನೆಯ ಬೂಸ್ಟರ್.

ಇಲ್ಲೊಂದು ತೊಡಕಿದೆ. ಗಂಟಲುಮಾರಿಗೆ, ಧನುರ್ವಾಯುವಿಗೆ ರಕ್ತದಲ್ಲಿ ಇಂತಿಷ್ಟು ಪ್ರತಿಕಾಯ ಇದ್ದರೆ ರಕ್ಷಣೆ ಎಂದು ಗೆರೆ ಎಳೆಯಬಹುದು. ನಾಯಿಕೆಮ್ಮಿಗೆ ಅಂಥ ಒಪ್ಪಿತ ಗೆರೆ ಇಲ್ಲ. ಪ್ರತಿಕಾಯ ಚೆನ್ನಾಗಿದ್ದೂ ಕಾಯಿಲೆ ಬಂದವರಿದ್ದಾರೆ, ಅಷ್ಟೇನೂ ಇಲ್ಲದೆ ಪಾರಾದವರೂ ಇದ್ದಾರೆ. ಅಂದಮೇಲೆ ಬೇರೆ ಯಾರೋ ಕೆಲಸ ಮಾಡುತ್ತಿರಬೇಕು. ಆ ಬೇರೆಯವರು ಟಿ ಕೋಶಗಳು. ಅಲ್ಲಿಂದ ದಾರಿ ನೇರ ಜ್ವರದ ಪ್ರಶ್ನೆಗೆ ಬರುತ್ತದೆ.

ಸತ್ತ ಬ್ಯಾಕ್ಟೀರಿಯವನ್ನು ಇಡಿಯಾಗಿ ಚುಚ್ಚಿದಾಗ ಅದರ ಹೊರಪದರದ ಕೊಬ್ಬು-ಸಕ್ಕರೆಯ ಅಣುವೂ ಜೊತೆಗೆ ಬರುತ್ತದೆ. ಎಂಡೋಟಾಕ್ಸಿನ್ ಅನ್ನುವುದು ಇದಕ್ಕೇ. ದೇಹದ ಕಾವಲು ಕೋಶಗಳು ಈ ಅಣುವನ್ನು ಹುಟ್ಟಿನಿಂದಲೇ ಗುರುತಿಸುತ್ತವೆ. ಕಂಡ ತಕ್ಷಣ ಕೂಗೆಬ್ಬಿಸುತ್ತವೆ. ಆ ಕೂಗೇ ಜ್ವರ, ತೊಡೆಯ ಬಾವು, ರಾತ್ರಿಯ ಅಳು. ಅದೇ ಕೂಗಿಗೆ ಟಿ ಕೋಶಗಳೂ ಬರುತ್ತವೆ, ಬಂದು ಟಿಎಚ್1, ಟಿಎಚ್17 ಅನ್ನುವ ಪಂಗಡಗಳಾಗಿ ತರಬೇತಿ ಪಡೆಯುತ್ತವೆ. ಬ್ಯಾಕ್ಟೀರಿಯವನ್ನು ನುಂಗುವ ಕೋಶಗಳನ್ನು ಹುರಿದುಂಬಿಸುವುದು ಒಂದರ ಕೆಲಸ, ಶ್ವಾಸನಾಳದ ಗೋಡೆಗೆ ಪಡೆ ಕರೆಸುವುದು ಇನ್ನೊಂದರ ಕೆಲಸ. ನಿಜವಾದ ನಾಯಿಕೆಮ್ಮು ಬಂದು ಹೋದವರಲ್ಲೂ ಇವೇ ಪಂಗಡಗಳು ಕಾಣುತ್ತವೆ.

ಈ ಜ್ವರವನ್ನು ಸಹಿಸದೆ ಹಲವು ದೇಶಗಳು ಬೇರೆ ದಾರಿ ಹಿಡಿದವು. ಜಪಾನಿನಲ್ಲಿ ಡಿಪಿಟಿ ಹಾಕಿದ ಇಬ್ಬರು ಮಕ್ಕಳು ತೀರಿಕೊಂಡರೆಂದು 1975ರಲ್ಲಿ ಲಸಿಕೆ ನಿಲ್ಲಿಸಿದರು, ಆಮೇಲೆ ಎರಡು ವರ್ಷ ದಾಟಿದವರಿಗೆ ಮಾತ್ರ ಎಂದರು. 1979ರಲ್ಲಿ ಅಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಬಂದು 41 ಜನ ಸತ್ತರು. ಬ್ರಿಟನ್ನಿನಲ್ಲೂ ಇದೇ ಭಯಕ್ಕೆ ಲಸಿಕೆ ಪಡೆಯುವವರ ಪ್ರಮಾಣ ಶೇ. 80ರ ಆಸುಪಾಸಿನಿಂದ 30ರ ಹತ್ತಿರಕ್ಕೆ ಕುಸಿದು, ಆ ದಶಕದ ಕೊನೆಗೆ ದೊಡ್ಡ ಸಾಂಕ್ರಾಮಿಕವೇ ಎದ್ದಿತು. ಜಪಾನಿನ ಯೂಜಿ ಸಾಟೊ ಬ್ಯಾಕ್ಟೀರಿಯವನ್ನು ಬಿಟ್ಟು ಅದರ ಕೆಲವೇ ಪ್ರೋಟೀನುಗಳನ್ನು ಶುದ್ಧಮಾಡಿ ಹೊಸ ಲಸಿಕೆ ಮಾಡಿದರು. ಎಸೆಲ್ಯುಲರ್ ಅನ್ನುವ ಈ ಲಸಿಕೆ 1981ರಲ್ಲಿ ಜಪಾನಿಗೆ, 1990ರ ದಶಕದಲ್ಲಿ ಅಮೆರಿಕಕ್ಕೆ, 2005ರಲ್ಲಿ ನೆದರ್‌ಲೆಂಡ್ಸ್‌ಗೆ ಬಂತು. ಜ್ವರ ಕಡಿಮೆ, ಅಳು ಕಡಿಮೆ, ತಾಯಂದಿರಿಗೆ ನೆಮ್ಮದಿ.

ಆ ನೆಮ್ಮದಿ ಉಳಿಯಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹತ್ತು ಎಳೆಗೂಸುಗಳು ನಾಯಿಕೆಮ್ಮಿನಿಂದ ಸತ್ತವು. 2012ರಲ್ಲಿ ಅಮೆರಿಕದಲ್ಲಿ 48,277 ಪ್ರಕರಣ. ಐದೂ ಡೋಸು ಪಡೆದ ಶಾಲಾಮಕ್ಕಳೂ ಅದರಲ್ಲಿದ್ದರು. ಲೆಕ್ಕ ಹಾಕಿದಾಗ, ಐದನೆಯ ಡೋಸಿನ ನಂತರ ಒಂದೊಂದು ವರ್ಷ ಕಳೆದಂತೆ ಕಾಯಿಲೆಯ ಸಂಭವ ಸರಾಸರಿ ಶೇ. 42ರಷ್ಟು ಏರುತ್ತಿತ್ತು. ಕೊಡ ತುಂಬಿಸಿದಷ್ಟೇ ಬೇಗ ಸೋರುತ್ತಿತ್ತು.

ಕಾರಣ ತೋರಿಸಿದ್ದು ಬಬೂನ್ ಕೋತಿಗಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು ಕೆಲವು ಮರಿಗಳಿಗೆ ಹಳೆಯ ಲಸಿಕೆ, ಕೆಲವಕ್ಕೆ ಹೊಸ ಲಸಿಕೆ ಹಾಕಿ ಆಮೇಲೆ ಬ್ಯಾಕ್ಟೀರಿಯ ಬಿಟ್ಟರು. ಎರಡೂ ಗುಂಪಿನವು ಕೆಮ್ಮಲಿಲ್ಲ. ಆದರೆ ಹೊಸ ಲಸಿಕೆಯವುಗಳ ಗಂಟಲಲ್ಲಿ ಬ್ಯಾಕ್ಟೀರಿಯ ಐದು ವಾರದಷ್ಟು ಕಾಲ ನೆಮ್ಮದಿಯಾಗಿತ್ತು. ಪಕ್ಕದ ಮರಿಗೆ ಅಂಟಿಯೂ ಅಂಟಿತು. ಹಳೆಯ ಲಸಿಕೆಯವು ಸುಮಾರು ಅರ್ಧ ಅವಧಿಯಲ್ಲಿ ಅದನ್ನು ತೊಳೆದು ಹಾಕಿದವು. ಶುದ್ಧ ಪ್ರೋಟೀನು ಮತ್ತು ಅಲ್ಯುಮಿನಿಯಂ ಲವಣ ಸೇರಿದ ಹೊಸ ಲಸಿಕೆ ಟಿ ಕೋಶಗಳನ್ನು ಟಿಎಚ್2 ಅನ್ನುವ ಮತ್ತೊಂದು ಪಂಗಡದ ಕಡೆಗೆ ತಿರುಗಿಸುತ್ತದೆ. ಅದು ಪ್ರತಿಕಾಯ ಧಾರಾಳ ಮಾಡಿಸುತ್ತದೆ, ಗಂಟಲ ಗೋಡೆಯ ಜಗಳಕ್ಕೆ ಮಾತ್ರ ಸರಿಯಾಗಿ ಇಳಿಯುವುದಿಲ್ಲ.

ಮೊದಲು ಕಲಿಸಿದ್ದು ಬಹುಕಾಲ ಉಳಿಯುತ್ತದೆ ಅನ್ನುವುದು ಇದರಲ್ಲೆಲ್ಲ ಕುತೂಹಲದ ಸಂಗತಿ. ಎಳವೆಯಲ್ಲಿ ಹಳೆಯ ಲಸಿಕೆ ಪಡೆದವರಿಗೆ ವರ್ಷಗಳ ನಂತರ ಹೊಸ ಬಗೆಯ ಬೂಸ್ಟರ್ ಕೊಟ್ಟರೂ ಏಳುವುದು ಟಿಎಚ್1ರ ಪಡೆಯೇ. ನೆದರ್‌ಲೆಂಡ್ಸ್‌ನಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಬೂಸ್ಟರ್ ಕೊಟ್ಟು ಹೋಲಿಸಿದಾಗ, ಹೊಸ ಲಸಿಕೆಯಿಂದಲೇ ಆರಂಭಿಸಿದ್ದವರಲ್ಲಿ ಪ್ರತಿಕಾಯ ಹೆಚ್ಚು ಏರಿತು. ಆದರೆ ಅದರಲ್ಲಿ ಐಜಿಜಿ4 ಅನ್ನುವ, ಜಗಳಕ್ಕೆ ಅಷ್ಟಾಗಿ ಹೋಗದ ಬಗೆ ಜಾಸ್ತಿ ಇತ್ತು, ರಟ್ಟೆಯ ಬಾವೂ ಜಾಸ್ತಿ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ 1998ರಲ್ಲಿ ಹುಟ್ಟಿದ ಮಕ್ಕಳ ದಾಖಲೆ ತೆಗೆದು ನೋಡಿದರು. ಆಗ ಎರಡೂ ಲಸಿಕೆ ಬಳಕೆಯಲ್ಲಿದ್ದವು. ಹತ್ತು ವರ್ಷ ದಾಟಿದ ಮೇಲೆ ಬಂದ ಸಾಂಕ್ರಾಮಿಕದಲ್ಲಿ, ಮೊದಲ ಸೂಜಿ ಹಳೆಯದಾಗಿದ್ದವರಿಗೆ ಕಾಯಿಲೆ ಸ್ಪಷ್ಟವಾಗಿ ಕಡಿಮೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದುಕೊಳ್ಳಬೇಕಿಲ್ಲ. 1990ರ ದಶಕದಲ್ಲಿ ಇಟಲಿಯಲ್ಲಿ ಪರೀಕ್ಷಿಸಿದ ಒಂದು ಕಂಪನಿಯ ಇಡೀ-ಕೋಶದ ಲಸಿಕೆಯ ಸಾಮರ್ಥ್ಯ ಬರೀ ಶೇ. 36 ಇತ್ತು. ಅದರ ಪಕ್ಕದಲ್ಲಿ ಹೊಸ ಲಸಿಕೆಗಳು ಶೇ. 84 ಪಡೆದು ಗೆದ್ದವು. ಇಡೀ ಬ್ಯಾಕ್ಟೀರಿಯದ ಲಸಿಕೆ ಕೈಗುಣದ ಅಡುಗೆ. ಮಾಡುವವರು ಬದಲಾದರೆ ರುಚಿಯೂ ಬದಲು. ಹೊಸದು ಕೂಡ ತನ್ನನ್ನು ಪಡೆದ ಮಗುವನ್ನು ತೀವ್ರ ಕಾಯಿಲೆಯಿಂದ ಚೆನ್ನಾಗಿಯೇ ಕಾಯುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಹಳೆಯ ಲಸಿಕೆ ಬಳಸುತ್ತಿರುವ ದೇಶಗಳು ಎಳೆಗೂಸುಗಳ ಮೂರು ಡೋಸಿಗೆ ಅದನ್ನೇ ಮುಂದುವರಿಸಲಿ ಎಂದಿತು. ಭಾರತ ಮುಂದುವರಿಸಿದೆ.

ಇದರ ಫಲವಾಗಿ ಒಂದು ತಮಾಷೆಯ ಸ್ಥಿತಿ. ಕಲಬುರಗಿಯಂಥ ಶಹರದ ಖಾಸಗಿ ದವಾಖಾನೆಗಳಲ್ಲಿ "ಪೇನ್‌ಲೆಸ್ ಇಂಜೆಕ್ಷನ್" ಎಂದು ಸಾವಿರಾರು ರೂಪಾಯಿಗೆ ಸಿಗುವುದು ಎಸೆಲ್ಯುಲರ್ ಲಸಿಕೆ. ಅಫಜಲಪುರದ ಹಳ್ಳಿಯ ಅಂಗನವಾಡಿಯಲ್ಲಿ ಪುಕ್ಕಟೆ ಸಿಗುವುದು ಜ್ವರ ಬರಿಸುವ ಹಳೆಯದು. ರೊಕ್ಕ ಕೊಟ್ಟವರಿಗೆ ಸುಖದ ರಾತ್ರಿ. ಕೊಡದವರ ಕೂಸಿನ ಟಿ ಕೋಶಗಳಿಗೆ ಬಹುಶಃ ಹೆಚ್ಚು ಉತ್ತಮ ಶಾಲೆ. ಆದರೆ ಮರುದಿನದ ಕೂಲಿ ಕಳೆದುಕೊಳ್ಳುವುದು ಎರಡನೆಯ ತಾಯಿ. ಅವಳ ಪ್ರಶ್ನೆಯನ್ನು ತಿಳಿವಳಿಕೆ ಇಲ್ಲದವರ ಮಾತೆಂದು ತಳ್ಳಿಹಾಕುವುದು ಅನ್ಯಾಯ. ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಸಿಸ್ಟರ್ ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ. ಜ್ವರ ಬರುವ ಮೊದಲೇ ಅದನ್ನು ಕುಡಿಸಿಬಿಟ್ಟರೆ? 2009ರಲ್ಲಿ ಪ್ರಕಟವಾದ ಜೆಕ್ ದೇಶದ 459 ಕೂಸುಗಳ ಅಧ್ಯಯನದಲ್ಲಿ, ಜ್ವರಕ್ಕೆ ಕಾಯದೆ ಔಷಧಿ ಕೊಟ್ಟವರಲ್ಲಿ ಕೆಲವು ಪ್ರತಿಕಾಯಗಳು ಕಡಿಮೆ ಏರಿದ್ದವು. ಕೂಗು ಅಡಗಿಸಿದರೆ ಪಡೆಯೂ ಅಷ್ಟಕ್ಕಷ್ಟೇ ಬರುತ್ತದೆ.

ಸೀಸೆಯ ಕಥೆ ಇನ್ನೂ ಸ್ವಲ್ಪ ಇದೆ. ಮೇ ತಿಂಗಳ ಕಲಬುರಗಿಯ ಬಿಸಿಲು ಬಲ್ಲವರಿಗೆ ಲಸಿಕೆಯ ವೈರಿ ಸೆಕೆ ಅನ್ನಿಸುವುದು ಸಹಜ. ಡಿಪಿಟಿಗೆ ಹಿಮವೂ ಅಷ್ಟೇ ವೈರಿ. ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಹೆಪ್ಪುಗಟ್ಟಿದರೆ ಇದರಲ್ಲೂ ಇರುವ ಅಲ್ಯುಮಿನಿಯಂ ಲವಣದ ಕಣಗಳು ಒಂದಕ್ಕೊಂದು ಅಂಟಿ, ಹಾಲು ಒಡೆದಂತಾಗಿ ಲಸಿಕೆ ಕೆಡುತ್ತದೆ. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರ ಡಬ್ಬಿಗೆ ಇಡುವಂತಿಲ್ಲ. ಹೊರಗಿಟ್ಟು, ಮೈ ಬೆವೆತ ಮೇಲೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಸೀಸೆ ಹೆಪ್ಪುಗಟ್ಟಿತ್ತೇ ಎಂಬ ಅನುಮಾನ ಬಂದರೆ, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಇನ್ನೊಂದು ಸೀಸೆಯ ಜೊತೆ ಅಲ್ಲಾಡಿಸಿ ಇಡುತ್ತಾರೆ. ಗಸಿ ಅದರಷ್ಟೇ ಬೇಗ ತಳ ಸೇರಿತೋ, ಸೀಸೆ ಕಸಕ್ಕೆ.

ಇಷ್ಟೆಲ್ಲ ಸರಿಯಾಗಿದ್ದರೂ ಕೂಸು ಊರಲ್ಲಿರಬೇಕಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ 2002ರ ನಂಜುಂಡಪ್ಪ ಸಮಿತಿಯ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. 2014ರ ಡಿಸೆಂಬರಿನಲ್ಲಿ ಮಿಷನ್ ಇಂದ್ರಧನುಷ್ ಶುರುವಾದಾಗ ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಲು ಆರಿಸಿದ 201 ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಭೀಮೆ ಹರಿದರೂ ಹೊಲಗಳು ಬಹುಪಾಲು ಮಳೆಯನ್ನೇ ನೆಚ್ಚಿವೆ. ತೊಗರಿ ರಾಶಿ ಮುಗಿದರೆ ಕೂಲಿ ಇಲ್ಲ. ತಾಂಡಾಗಳಿಂದ, ಊರ ಅಂಚಿನ ಓಣಿಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಒಂದು ಲೆಕ್ಕ ಹಾಕಿ ನೋಡಬಹುದು. ಸೆಪ್ಟೆಂಬರ್ 10ಕ್ಕೆ ಹುಟ್ಟಿದ ಕೂಸಿಗೆ ಆರು ವಾರ ಆಗುವುದು ಅಕ್ಟೋಬರ್ 22ಕ್ಕೆ, ಹತ್ತು ವಾರ ನವೆಂಬರ್ 19ಕ್ಕೆ, ಹದಿನಾಲ್ಕು ವಾರ ಡಿಸೆಂಬರ್ 17ಕ್ಕೆ. ಬಾಣಂತಿ ಊರಲ್ಲೇ ಇರುತ್ತಾಳೆ, ಹೊಲದಲ್ಲಿ ತೊಗರಿ ನಿಂತಿರುತ್ತದೆ, ಮೂರೂ ಸೂಜಿ ಸಲೀಸು. ಅದೇ ಕೂಸಿಗೆ ಹದಿನಾರು ತಿಂಗಳು ತುಂಬುವುದು ಒಂದು ವರ್ಷ ಬಿಟ್ಟು ಬರುವ ಜನವರಿ 10ಕ್ಕೆ, ಅಂದರೆ ರಾಶಿ ಮುಗಿದು ಗಂಟು ಕಟ್ಟುವ ಹೊತ್ತಿಗೆ ಸರಿಯಾಗಿ. ಮೃಗಶಿರಾ ಮಳೆಗೆ ವಾಪಸು ಬಂದರೆ ಕೂಸಿಗೆ ಇಪ್ಪತ್ತೊಂದು ತಿಂಗಳು, ಇನ್ನೂ ವೇಳೆ ಇದೆ. ಆ ವರ್ಷ ಮಳೆಗೆ ಬರದೆ ಜಾತ್ರೆಗೆ ಮಾತ್ರ ನಾಲ್ಕು ದಿನ ಮುಖ ತೋರಿಸಿ ಹೋದರೆ, ಆ ನಾಲ್ಕು ದಿನದಲ್ಲಿ ಗುರುವಾರ ಬಂದರೆ ಬಂತು.

ತಪ್ಪಿದ ಬೂಸ್ಟರನ್ನು ತಡವಾಗಿಯಾದರೂ ಕೊಡಬಹುದು, ಮೊದಲಿನಿಂದ ಶುರು ಮಾಡಬೇಕಿಲ್ಲ. ತೆಗೆದಿಟ್ಟ ಬೀಜ ಅಷ್ಟು ಬೇಗ ಮುಗ್ಗುವುದಿಲ್ಲ. ಆದರೆ ಏಳು ವರ್ಷ ದಾಟಿದರೆ ಡಿಪಿಟಿ ಇಲ್ಲ. ಹತ್ತಕ್ಕೆ, ಹದಿನಾರಕ್ಕೆ ಕೊಡುವ ಟಿಡಿ ಲಸಿಕೆಯಲ್ಲಿ ನಾಯಿಕೆಮ್ಮಿನ ಪಿ ಇಲ್ಲ, ಬಸುರಿಗೆ ಸರ್ಕಾರಿ ಲೆಕ್ಕದಲ್ಲಿ ಕೊಡುವುದೂ ಅದೇ ಟಿಡಿ. ಹಾಗಾಗಿ ಬೂಸ್ಟರ್ ತಪ್ಪಿಸಿಕೊಂಡ ನಾಲ್ಕು ವರ್ಷದ ಅಣ್ಣ ಬರೀ ಕೆಮ್ಮಿಕೊಂಡು ತಿರುಗಾಡುವಾಗ, ತೊಟ್ಟಿಲಲ್ಲಿ ಇನ್ನೂ ಮೊದಲ ಸೂಜಿಯೇ ಆಗದ ಐದು ವಾರದ ತಂಗಿ ಮಲಗಿರುತ್ತಾಳೆ.

ಗಡಿಯ ಊರುಗಳಲ್ಲಿ ಜೂನ್ ತಿಂಗಳ ಗುರುವಾರ ಸ್ವಲ್ಪ ಬೇರೆ. ಗುಳೆಯಿಂದ ಮರಳಿದವರ ಚೀಲದಲ್ಲಿ ಕೆಲವೊಮ್ಮೆ ಎರಡು ಕಾರ್ಡು ಇರುತ್ತವೆ. ಒಂದು ನಮ್ಮ ತಾಯಿ ಕಾರ್ಡು, ಮಳೆಗೆ ನೆನೆದು ಅಂಚು ಬಿಟ್ಟದ್ದು. ಇನ್ನೊಂದು ಮಹಾರಾಷ್ಟ್ರದ ಯಾವುದೋ ಕಟ್ಟಡ ಕೆಲಸದ ಜಾಗದ ಹತ್ತಿರ ಕೊಟ್ಟ ಮರಾಠಿಯ ಕಾರ್ಡು. ಅಕ್ಕಲಕೋಟೆಯ ಬಸ್ಸು ದಿನಾ ನೋಡುವ ಈ ಕಡೆಯ ಸಿಸ್ಟರ್‌ಗಳಿಗೆ ಮರಾಠಿ ತೊಡಕಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದುತ್ತಾರೆ: ಪೆಂಟಾ ಒಂದು, ಎರಡು, ಮೂರು ಇಲ್ಲಿ. ದಡಾರದ ಎರಡನೆಯದು ಅಲ್ಲಿ. ಡಿಪಿಟಿ ಬೂಸ್ಟರ್ ಒಂದು, ಎರಡರಲ್ಲೂ ಖಾಲಿ. ಸಿಸ್ಟರ್ ಸೀಸೆ ಅಲ್ಲಾಡಿಸುತ್ತಾರೆ, ಕೂಸಿನ ಚಡ್ಡಿ ಮೇಲೇರುತ್ತದೆ, ತಾಯಿ ಮುಖ ಆ ಕಡೆ ತಿರುಗಿಸುತ್ತಾಳೆ.